ವಿಮಾನದ ಅಂತರಪಟ

ಆಗ ನನಗೆ ಅರವತ್ತನಾಲ್ಕು. ನಾಲ್ಕು ವರ್ಷದ ಹಿಂದಿನ ಮಾತು. ಆ ವಯಸ್ಸಿಗೆ ಹೆಂಗಸರು ಕಾಶಿಗೆ ಹೋಗುತ್ತಾರೆ, ಇಲ್ಲವೇ ಮಂಡಿ ಚಿಪ್ಪು ಬದಲಾಯಿಸಿಕೊಂಡು ಮಂಚ ಹಿಡಿಯುತ್ತಾರೆ. ನಾನು ಬೀದಿದೀಪ ರಿಪೇರಿ ಮಾಡುವ ಲಾರಿಯ ತೊಟ್ಟಿಯೊಳಗೆ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಕತ್ತರಿ ಹಿಡಿದು, ಒಂದು ಯುದ್ಧವಿಮಾನದ ಮೂಗಿನ ಮಟ್ಟಕ್ಕೆ ಏರಿದ್ದೆ. ಅದನ್ನು ನೆನೆಸಿಕೊಂಡರೆ ಈಗಲೂ ಅಂಗಾಲು ಜುಮ್ಮೆನ್ನುತ್ತದೆ.

ನೆನಪಿಗೆ ಕಾರಣ ಒಂದು ಕೀಚೈನು. ಮೊನ್ನೆ ದಾಸರಹಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಒಬ್ಬ ಮೀಸೆಯವನು ಬೈಕು ನಿಲ್ಲಿಸಿ ಫೋನಿನಲ್ಲಿ ಜಗಳವಾಡುತ್ತಿದ್ದ. ಅವನ ಬೈಕಿನ ಕೀಲಿಯಿಂದ ಕೆಂಪು ಬಟ್ಟೆಯ ಪಟ್ಟಿಯೊಂದು ನೇತಾಡುತ್ತಿತ್ತು. ಬಿಳಿ ದಾರದ ಇಂಗ್ಲಿಷ್ ಅಕ್ಷರ. ನನಗೆ ಇಂಗ್ಲಿಷ್ ಬಾರದು. ಕನ್ನಡವೂ ಅಷ್ಟಕ್ಕಷ್ಟೆ, ಒತ್ತಕ್ಷರ ಬಂತೆಂದರೆ ದಪ್ಪ ಬಟ್ಟೆಗೆ ಸಿಕ್ಕಿದ ಸೂಜಿಯ ಹಾಗೆ ನಿಂತುಬಿಡುತ್ತೇನೆ. ಆದರೆ ಆ ಪಟ್ಟಿಯ ಅಕ್ಷರಗಳನ್ನು ಕತ್ತಲಲ್ಲಿ ಕೊಟ್ಟರೂ ಗುರುತು ಹಿಡಿದೇನು. ಅದರಲ್ಲಿ ಒಂದು ಬಾಚಣಿಗೆಯ ಹಾಗೆ, ಒಂದು ಗೇಟಿನ ಹಾಗೆ.

"ಏನಪ್ಪಾ ಇದು?" ಎಂದೆ, ಅವನ ಜಗಳ ಮುಗಿದ ಮೇಲೆ.

"ಕೀಚೈನ್ ಆಂಟಿ. ಸ್ಟೈಲು."

"ಏನು ಬರ್ದೈತೆ?"

ಅವನು ತಿರುಗಿಸಿ ನೋಡಿದ. ಅಷ್ಟು ದಿನ ನೋಡಿರಲಿಲ್ಲವೇನೋ. "ಅದೇನೋ ಫ್ಲೈಟು ಆಂಟಿ."

"ಆರೋಕ್ ಮುಂಚೆ ತೆಗೀ ಅಂತ ಬರ್ದೈತೆ. ನೀನು ತೆಗೀದೇನೇ ಓಡಿಸ್ತಿದ್ದೀಯ. ಅದಕ್ಕೇ ಇಂಗೆ ಹೊಗೆ ಬರ್ತದೆ."

ಅವನು ಬಗ್ಗಿ ಸೈಲೆನ್ಸರು ನೋಡಿದ. ಬಸ್ಸು ಬಂತು, ನಾನು ಹತ್ತಿದೆ.

ವಿಷಯ ಇಷ್ಟೆ. ಯುದ್ಧವಿಮಾನ ನೆಲದ ಮೇಲೆ ನಿಂತಿರುವಾಗ ಅದರ ಮೂಗಿನ ತುದಿಯಲ್ಲಿರುವ ಸಣ್ಣ ಕೊಳವೆಗೆ ಒಂದು ಟೋಪಿ ಹಾಕುತ್ತಾರೆ. ಗಾಳಿಯ ರಭಸ ಅಳೆಯುವ ಕೊಳವೆ ಅದು. ಕಣಜದ ಹುಳು ಒಳಗೆ ಮಣ್ಣು ಮೆತ್ತಿದರೆ ಮುಗಿಯಿತು, ವೇಗ ತೋರಿಸುವ ಮುಳ್ಳು ಬಾಯಿಗೆ ಬಂದದ್ದು ಹೇಳುತ್ತದೆ. ಆ ಟೋಪಿ ತೆಗೆಯುವುದು ಮರೆತು ಹೋಗಬಾರದೆಂದು, ಹಾರುವ ಮುಂಚೆ ತೆಗೆ ಎಂದು ಬರೆದ ಈ ಕೆಂಪು ಪಟ್ಟಿಯನ್ನು ಇಳಿಬಿಡುತ್ತಾರೆ. ಪೀಣ್ಯದ ಒಂದು ಷೆಡ್ಡಿನಲ್ಲಿ, ಗಂಡ ಸತ್ತ ವರ್ಷದಿಂದ ಕಣ್ಣಿಗೆ ಪೊರೆ ಬಂದು ಆಪರೇಷನ್ ಆಗುವವರೆಗೆ, ನಾನು ಹೊಲಿದದ್ದು ಆ ಟೋಪಿಗಳನ್ನೇ. ಜೊತೆಗೆ ಚಕ್ರಕ್ಕೆ ಚೀಲ, ಗಾಳಿ ನುಂಗುವ ಬಾಯಿಗೆ ಮುಚ್ಚಳ, ಬೆನ್ನಿಗೆ ಹೊದಿಕೆ. ಇಷ್ಟೆಲ್ಲ ಹೊಲಿದರೂ ವಿಮಾನವನ್ನು ಹತ್ತಿರದಿಂದ ಒಂದು ಸಲವೂ ನೋಡಿರಲಿಲ್ಲ. ಪರದೆಯ ಆಚೆಯಿಂದ ಯಾರೋ ಅಳತೆ ಕೂಗಿ ಹೇಳುವ ಹೆಂಗಸಿಗೆ ಜನ್ಮವಿಡೀ ರವಿಕೆ ಹೊಲಿದ ಹಾಗೆ. ಅಳತೆ ಗೊತ್ತು, ಮುಖ ಗೊತ್ತಿಲ್ಲ.

ಮುಚ್ಚುವುದು ನಮ್ಮ ಮನೆತನದ ಕಸುಬೇ ಇರಬೇಕು. ಎಪ್ಪತ್ತೊಂದರ ಯುದ್ಧ ನಡೆದಾಗ ನನಗೆ ಹದಿನಾಲ್ಕು. ಪೀಣ್ಯದ ಸುತ್ತ ಆಗ ರಾಗಿ ಹೊಲ, ಹುಣಸೆ ಮರ, ನಾಯಿ. ಸಂಜೆಯಾದ ಮೇಲೆ ದೀಪ ಹಚ್ಚಬಾರದು, ಶತ್ರು ವಿಮಾನಕ್ಕೆ ಕಾಣುತ್ತದೆ ಎಂದು ತಮಟೆ ಹೊಡೆದು ಸಾರಿದರು. ನಮ್ಮ ಕೇರಿಗೆ ಕರೆಂಟೇ ಬಂದಿರಲಿಲ್ಲ. ಇಲ್ಲದ ದೀಪ ಆರಿಸಿ ಎಂದು ತಮಟೆ! ಇದ್ದ ಒಂದು ಲಾಟೀನಿನ ಗಾಜಿಗೆ ಅಜ್ಜಿ ಮಸಿ ಬಳಿದಳು. ಆಮೇಲೆ ಹಿತ್ತಿಲಿಗೆ ಹೋಗಿ ನಮ್ಮ ಹಸುವನ್ನೇ ದಿಟ್ಟಿಸಿ ನಿಂತಳು. ಅದು ಅಚ್ಚ ಬಿಳಿ.

"ಇದು ಕತ್ಲಲ್ಲಿ ಮೊಸ್ರುಗಡಿಗೆ ಅಂಗೆ ಒಳೀತದೆ. ಮೇಲಿಂದ ಕಂಡ್ರೆ ನಮ್ಮನೆ ಮ್ಯಾಲೇ ಆಕ್ತಾನೆ ಬಾಂಬು" ಎಂದಳು.

ಅಂದೇ ಸಂಜೆ ಹಸುವಿಗೆ ಕರಿಕಂಬಳಿ ಹೊದಿಸಿ, ಹೊಟ್ಟೆಯ ಕೆಳಗೆ ಹಗ್ಗ ತಂದು ಗಂಟಿನ ಮೇಲೆ ಗಂಟು ಬಿಗಿದಳು. ಹಸು ಒಂದು ಗಳಿಗೆ ಯೋಚನೆ ಮಾಡಿತು. ಆಮೇಲೆ ಗೂಟ ಕಿತ್ತುಕೊಂಡು ಕೇರಿಯುದ್ದಕ್ಕೂ ಓಡಿತು. ನಾಲ್ಕು ಕಾಲಿನ ಕರಿ ದೆವ್ವ ಬಂತೆಂದು ಜನ ಬಾಗಿಲು ಹಾಕಿಕೊಂಡರು. ಆ ಯುದ್ಧದಲ್ಲಿ ನಮ್ಮೂರು ಹೆದರಿದ್ದು ಅದೊಂದೇ ಸಲ, ಅದೂ ನಮ್ಮ ಹಸುವಿಗೆ. ಹಿಡಿದು ತಂದ ಮೇಲೆ ಗಂಟು ಬಿಚ್ಚಲು ಯಾರಿಂದಲೂ ಆಗಲಿಲ್ಲ. ಕೊನೆಗೆ ಕುಡುಗೋಲಿನಿಂದ ಕೊಯ್ಯಬೇಕಾಯಿತು, ಒಳ್ಳೆಯ ಕಂಬಳಿ ಹಾಳಾಯಿತು. "ಗಂಟು ಅಂದ್ರೆ ಅಂಗಿರ್ಬೇಕು" ಎಂದಳು ಅಜ್ಜಿ, ನಾಚಿಕೆಯಿಲ್ಲದೆ. ಆ ಗಂಟನ್ನು ಅವಳೇ ನನಗೆ ಕಲಿಸಿದ್ದು. ಷೆಡ್ಡಿನಲ್ಲಿ ನನಗೆ ಹೆಸರು ಬಂದದ್ದೂ ಅದರಿಂದಲೇ. ನಾನು ಕಟ್ಟಿದ ಹೊದಿಕೆ ಬಿರುಗಾಳಿಗೂ ಹಾರದು ಎನ್ನುತ್ತಿದ್ದರು.

ಯುದ್ಧ ಗೆದ್ದು ಐವತ್ತು ವರ್ಷವಾಯಿತೆಂದು ನಮ್ಮ ಪೀಣ್ಯದವರಿಗೆ ಹುಮ್ಮಸ್ಸು ಬಂತು. ಸಣ್ಣ ಕಾರ್ಖಾನೆಯವರ ಸಂಘವೊಂದಿದೆ. ಅದರ ಸೆಕ್ರೆಟರಿ ಗುರುಮೂರ್ತಿ ಯಾರ್ಯಾರದೋ ಕಾಲು ಹಿಡಿದು ಒಂದು ಹಳೆಯ ಯುದ್ಧವಿಮಾನ ಗಿಟ್ಟಿಸಿಕೊಂಡ. ನಮ್ಮ ರಸ್ತೆಯ ತಿರುವಿನ ಪಾರ್ಕಿನಲ್ಲಿ ಕಂಬ ಕಟ್ಟಿಸಿ ಅದರ ಮೇಲೆ ಕೂರಿಸುವುದೆಂದು ತೀರ್ಮಾನವಾಯಿತು. ಆ ದಿನಗಳಲ್ಲಿ ನಮ್ಮ ಬೀದಿ ನೋಡಬೇಕಿತ್ತು! ಕೂಸಿಗೆ ಹೆಸರಿಡುವ ದಿನ ನೆಂಟರು ಬಂದು ಮೂಗು ನಮ್ಮ ಕಡೆಯದು, ಕಿವಿ ನಿಮ್ಮ ಕಡೆಯದು ಅನ್ನುತ್ತಾರಲ್ಲ, ಹಾಗೆ ಒಬ್ಬೊಬ್ಬ ಷೆಡ್ಡಿನವನೂ ಬಂದು, "ಇದ್ರ ಬೋಲ್ಟು ನಮ್ದು", "ರಬ್ಬರ್ ರಿಂಗು ನಮ್ಮಪ್ಪನ ಕಾಲದಲ್ಲಿ ನಾವೇ ಕೊಟ್ಟಿದ್ದು" ಎಂದು ಎದೆ ಸೆಟೆಸಿ ಹೋಗುತ್ತಿದ್ದ. ಗುರುಮೂರ್ತಿ ಹಾಕಿಸಿದ ಫ್ಲೆಕ್ಸಿನಲ್ಲಿ ಮಾತ್ರ ಕಿಟಕಿಗಳಿದ್ದ ಪ್ರಯಾಣಿಕರ ವಿಮಾನವಿತ್ತು. ಯಾರೂ ಗಮನಿಸಲಿಲ್ಲ. ಗಮನಿಸಿದವರು ಸಿಹಿ ಹಂಚುತ್ತಿದ್ದಾರೆಂದು ಸುಮ್ಮನಿದ್ದರು.

ಅನಾವರಣಕ್ಕೆ ಮುಸುಕು ಬೇಕಲ್ಲ. ಗುರುಮೂರ್ತಿ ನನ್ನ ಮನೆಗೇ ಬಂದ, ಹಳದಿ ಸ್ಯಾಟಿನ್ ಬಟ್ಟೆಯ ಉರುಳೆ ಹೊತ್ತು.

"ಅಮ್ಮಾ, ನೀವೇ ಹೊಲ್ಕೊಡ್ಬೇಕು. ಗೆಸ್ಟ್ ದಾರ ಎಳೆದ ತಕ್ಷಣ ಸರ್ರಂತ ಜಾರ್ಬೇಕು."

"ಹಾವಿನ ಪೊರೆ ಅಂಗೆ ಜಾರ್ತದೆ, ಓಗು" ಎಂದೆ.

ಈ ಮಾತು ನೆನಪಿಟ್ಟುಕೊಳ್ಳಿ. ಆಮೇಲೆ ಅವನು ನನಗೆ ಎಷ್ಟು ಸಲ ಇದನ್ನು ಆಡಿ ತೋರಿಸಿದನೋ ಲೆಕ್ಕವಿಲ್ಲ.

ಷೆಡ್ಡಿನಲ್ಲಿ ನನ್ನ ಹಳೆಯ ಜೊತೆಗಾತಿ ಷಹೀನಾಳ ಮಷೀನಿನ ಪಕ್ಕದಲ್ಲೇ ಕೂತು ಹೊಲಿಯತೊಡಗಿದೆ. ಅಲ್ಲಿಗೆ ಒಂದು ಮಧ್ಯಾಹ್ನ ಗಾಲಿಕುರ್ಚಿಯಲ್ಲಿ ಒಬ್ಬ ಮುದುಕರು ಬಂದರು. ತಳ್ಳಿಕೊಂಡು ಬಂದವಳು ಮಗಳು. ಹೆಸರು ರುದ್ರಪ್ಪ, ಧಾರವಾಡದ ಕಡೆಯವರು, ವಾಯುಪಡೆಯಲ್ಲಿದ್ದವರು, ಈಗ ದಾಸರಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಕಿಡ್ನಿ ಕೈಕೊಟ್ಟಿತ್ತು. ಒಂದು ಕಣ್ಣು ಹೋಗಿತ್ತು, ಇನ್ನೊಂದು ಹೋಗುವ ದಾರಿಯಲ್ಲಿತ್ತು.

"ಟೋಪಿ ಹೊಲಿಯಾಕಿ ನೀವೇನ್ರಿ?" ಎಂದರು.

"ಔದು. ನೀವು ವಿಮಾನ ಓಡಿಸ್ತಿದ್ರಾ?"

"ಇಲ್ರಿ ಯವ್ವಾ. ಓಡಸವ್ರ ಬ್ಯಾರೆ. ನಾ ಟೋಪಿ ತೆಗ್ಯಾಂವ."

ನನಗೆ ನಗು ಬಂತು. ನಾನು ಹೊಲಿಯುವವಳು, ಇವರು ತೆಗೆಯುವವರು! ಷಹೀನಾ ಟೀ ತರಿಸಿದಳು. ಮುದುಕರು ತಾವಾಗಿಯೇ ಹೇಳತೊಡಗಿದರು. ವಿಮಾನ ಹೊರಡುವ ಮುಂಚೆ ಕೆಳಗಿನವನು ಕೆಂಪು ಪಟ್ಟಿಗಳನ್ನೆಲ್ಲ ಕಿತ್ತು, ಎದುರಿಗೆ ನಿಂತು, ಕೈ ಚಾಚಿ ಮೇಲೆತ್ತಿ, ಒಳಗೆ ಕೂತ ಸಾಹೇಬರಿಗೆ ತೋರಿಸಬೇಕು. ಎಲ್ಲ ತೆಗೆದಿದ್ದೇನೆ, ಇನ್ನು ನೀವು ಹೋಗಬಹುದು ಎಂದು ಅದರ ಅರ್ಥ. ಸಾಹೇಬರು ನೋಡಿ ಹೆಬ್ಬೆರಳು ಎತ್ತಬೇಕು. ಅಲ್ಲಿಯವರೆಗೆ ಚಕ್ರ ಉರುಳುವ ಹಾಗಿಲ್ಲ.

"ಯುದ್ಧದಾಗ ಒಂದಿನ ಹಂಗ ತೋರಿಸಿದ್ನಿ. ಸಾಹೇಬ್ರು ಹೆಬ್ಬಟ್ಟ ಎತ್ತಿದ್ರು, ನಕ್ಕರು, ಹೋದ್ರು. ತಿರುಗಿ ಬರಲಿಲ್ಲ. ಪಟ್ಟಿ ನನ್ನ ಕೈಯಾಗ ಉಳೀತು."

"ಆಮ್ಯಾಕೆ ಏನು ಮಾಡಿದ್ರಿ?"

"ಏನ್ ಮಾಡೂದು? ಸ್ವಲ್ಪ ಹೊತ್ತಿಗೆ ಇನ್ನೊಂದ ವಿಮಾನ ಬಂತು. ಅದರ ಮೂಗಿಗೆ ಹಾಕಿದ್ನಿ. ವಾಪಸ್ ಬಂದ ವಿಮಾನಕ್ಕ ಟೋಪಿ ಹಾಕಬೇಕಲ್ರಿ."

ಈ ಉತ್ತರ ನನಗೆ ಹಿಡಿಸಿತು. ಅತ್ತಿದ್ದರೆ ನಾನು ಎದ್ದು ಹೋಗುತ್ತಿದ್ದೆನೋ ಏನೋ.

ಈಗ ಬರುವುದು ಆ ವಿಮಾನವಲ್ಲ, ಅದೇ ತಳಿಯದು ಎಂದರು. ಮುಖ ಅದೇ. ಕಣ್ಣು ಪೂರಾ ಹೋಗುವ ಮುಂಚೆ ಆ ಮುಖದ ಎದುರಿಗೆ ಒಂದು ಸಲ ಕೂರಬೇಕು. ಅವರಿಗೆ ಬೇಕಾದದ್ದು ಅಷ್ಟೆ. ಮಗಳು ನನ್ನನ್ನು ಪಕ್ಕಕ್ಕೆ ಕರೆದಳು. "ಅವತ್ತೇ ಡಯಾಲಿಸಿಸ್ ಇದೆ ಅಮ್ಮಾ. ಹನ್ನೊಂದಕ್ಕೆಲ್ಲ ಹೊರಡ್ಲೇಬೇಕು. ಫಂಕ್ಷನ್ ಲೇಟ್ ಮಾಡ್ಬೇಡಿ ಅಂತ ಹೇಳಿ. ಇನ್ನೊಂದು ಸಲ ಕರ್ಕೊಂಡ್ ಬರೋಷ್ಟು ಅಪ್ಪಂಗೆ ಶಕ್ತಿ ಇಲ್ಲ, ಕಣ್ಣಿಗೂ ಟೈಮಿಲ್ಲ."

"ಮುಸುಕು ನಂದು. ಅದರಿಂದ ತಡ ಆಗಕ್ಕಿಲ್ಲ" ಎಂದು ಮಾತು ಕೊಟ್ಟೆ.

ವಿಮಾನ ಬಂತು. ಕ್ರೇನು ಬಂತು. ಬೀದಿಯೆಲ್ಲ ಓಡಿಹೋಗಿ ನೋಡಿತು, ನಾನು ಮಾತ್ರ ಹೋಗಲಿಲ್ಲ. ಮದುವೆಯಲ್ಲಿ ಗಂಡು ಹೆಣ್ಣಿನ ನಡುವೆ ಅಂತರಪಟ ಹಿಡಿಯುತ್ತಾರಲ್ಲ, ಅದು ಸರಿಯುವ ಮುಂಚೆ ಇಣುಕಬಾರದು. ಇಷ್ಟು ವರ್ಷ ಕಾದವಳು ಸರಿಯಾದ ಮುಹೂರ್ತದಲ್ಲೇ ನೋಡುತ್ತೇನೆ ಎಂದು ಹಟ. ಹಿಂದಿನ ದಿನ ಮುಸುಕು ಹೊದಿಸಲು ಷಹೀನಾಳನ್ನು ಕಳಿಸಿ, ಮನೆಯಲ್ಲಿ ಕೂತು ಫೋನಿನಲ್ಲಿ ಹುಕುಂ ಮಾಡಿದೆ. ಪೀಣ್ಯದ ಗಾಳಿಗೆ ಸ್ಯಾಟಿನ್ ನಿಲ್ಲುತ್ತದೆಯೇ? ಅದಕ್ಕೇ ಅಂಚಿಗೆಲ್ಲ ಹಗ್ಗ ಇಟ್ಟು ಹೊಲಿದಿದ್ದೆ, ಹೊಟ್ಟೆಯ ಕೆಳಗೆ ಬಿಗಿಯಲು ಹತ್ತಿ ಹಗ್ಗದ ಬಳ್ಳಿ ಕೊಟ್ಟಿದ್ದೆ.

"ಗಂಟು ಆಕಿದ್ಯಾ?"

"ಹಾಕ್ದೆ ಅಮ್ಮಾ."

"ಅದರ ಮ್ಯಾಲೆ ಇನ್ನೊಂದು ಆಕು. ನಾನು ಕಲ್ಸಿದ್ದು."

"ಅಮ್ಮಾ, ನಾಳೆ ಬಿಚ್ಬೇಕಲ್ಲ ಇದು?"

"ಬಿಚ್ಚೋದು ನಾಳೆ ಮಾತು. ಇವತ್ತು ಬಿಗಿ."

ಬೆಳಗಿನ ಜಾವ ಮಳೆ ಹನಿಯಿತು. ಹತ್ತಿಯ ಹಗ್ಗ ನೆನೆದರೆ ಗಂಟು ಇನ್ನಷ್ಟು ಬಿಗಿಯುತ್ತದೆಂದು ಹಳ್ಳಿಯಲ್ಲಿ ಹುಟ್ಟಿದ ಯಾವ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಉತ್ಸಾಹದಲ್ಲಿ ತಲೆಗೆ ಹೋಗಲಿಲ್ಲ.

ಹೊಸ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತೆ. ಕೊರೋನಾ ಕಾಲ, ಎಲ್ಲರ ಮೂಗಿಗೂ ಟೋಪಿ. ಬ್ಯಾಂಡಿನವನು ಮಾತ್ರ ಮಾಸ್ಕು ಗದ್ದಕ್ಕೆ ಇಳಿಸಿ ಕಹಳೆ ಊದಿದ. ಪಕ್ಕದಲ್ಲಿ ರುದ್ರಪ್ಪನವರು, ಸ್ವೆಟರಿನ ಮೇಲೆ ಪದಕ, ಕುತ್ತಿಗೆ ಮುಂದಕ್ಕೆ ಚಾಚಿಕೊಂಡು. ಮಗಳು ಗಡಿಯಾರ ನೋಡುತ್ತಿದ್ದಳು. ಗುರುಮೂರ್ತಿ ಭಾಷಣ ಮಾಡಿದ, ಇನ್ನೊಬ್ಬರು ಮಾಡಿದರು, ಮತ್ತೊಬ್ಬರು. ಮುಖ್ಯ ಅತಿಥಿ ದೊಡ್ಡ ಮನುಷ್ಯರು, ಅವರದ್ದೇ ಚಿಕ್ಕ ಭಾಷಣ. ಕೊನೆಗೆ ಎದ್ದು ದಾರ ಹಿಡಿದರು.

ಎಳೆದರು. ಮುಸುಕು ಅಲ್ಲಾಡಲಿಲ್ಲ.

ಮತ್ತೆ ಎಳೆದರು. ವಿಮಾನವೇ ಸ್ವಲ್ಪ ಗೋಣು ಹಾಕಿದ ಹಾಗಾಯಿತು. ಗುರುಮೂರ್ತಿ ಕೈ ಕೊಟ್ಟ, ಬೋಲ್ಟಿನವನು ಕೊಟ್ಟ, ರಬ್ಬರ್ ರಿಂಗಿನವನು ಹಿಂದಿನಿಂದ ಅವನ ಸೊಂಟ ಹಿಡಿದ. ತೇರಿನ ಹಗ್ಗವಲ್ಲ, ಆದರೂ ಎಳೆತ ಹಾಗೇ ಇತ್ತು. ದಾರ ಕಿತ್ತು ಅವರ ಕೈಗೆ ಬಂತು, ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದರು. ಫೋಟೋದವನು ಅದನ್ನೂ ಹಿಡಿದ. ಮುಸುಕು ಮಾತ್ರ ನಮ್ಮಜ್ಜಿಯ ಕಂಬಳಿಯ ಹಾಗೆ ಕೂತಿತ್ತು. ಹೊಲಿಗೆಯ ಒಂದು ಎಳೆ ಬಿಟ್ಟಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಆ ಗಳಿಗೆಯಲ್ಲೂ ನನಗೆ ಒಳಗೊಳಗೇ ಹೆಮ್ಮೆಯಾಯಿತು.

"ಅಮ್ಮಾ, ಹಾವಿನ ಪೊರೆ ಅಂದ್ರಲ್ಲಾ?" ಗುರುಮೂರ್ತಿ ಹಲ್ಲು ಕಚ್ಚಿ ಬಂದ.

"ಗಾಳಿಗೆ ಆರಬಾರ್ದು ಅಂತ ಬಿಗ್ದಿದ್ದು ಕಣಪ್ಪಾ."

"ಗಾಳಿಗೇನು, ಕ್ರೇನಿಗೂ ಹಾರಲ್ಲ ಇದು!"

ಅತಿಥಿಗಳಿಗೆ ಇನ್ನೊಂದು ಸಮಾರಂಭವಿತ್ತು. ಮುಸುಕಿನ ಮುಂದೆಯೇ ನಿಂತು ಕೈಮುಗಿದು ಹೊರಟರು. ಜನ ಉಪ್ಪಿಟ್ಟಿನ ಕಡೆ ನಡೆದರು. ಗುರುಮೂರ್ತಿ ಬೆವರು ಒರೆಸಿಕೊಂಡು, "ಹೋಗ್ಲಿ ಬಿಡಿ, ಫೋಟೋ ಆಯ್ತು. ಸಂಜೆ ಒಣಗಿದ್ಮೇಲೆ ಬಿಚ್ಚಿಸೋಣ" ಎಂದ.

ನಾನು ಪಕ್ಕಕ್ಕೆ ನೋಡಿದೆ. ಮಗಳು ಗಾಲಿಕುರ್ಚಿಯ ಬ್ರೇಕು ತೆಗೆಯುತ್ತಿದ್ದಳು. ರುದ್ರಪ್ಪನವರು ಹಳದಿ ಬಟ್ಟೆಯನ್ನೇ ನೋಡುತ್ತಿದ್ದರು, ಅದೇ ವಿಮಾನವೇನೋ ಎಂಬಂತೆ.

"ಯಾವ ಫೋಟೋ? ಮುಸುಕು ಆಕಿರೋ ಹೆಣದ ಫೋಟೋನಾ?" ಎಂದೆ. "ಯಾರ್ಗಪ್ಪಾ ಇದನ್ನ ತಂದಿದ್ದು? ಉಪ್ಪಿಟ್ಟು ತಿನ್ನೋರಿಗಾ? ಆ ಲಾರಿಯವನ್ನ ಕರಿ!"

ಮಾಲೆ ಹಾಕಲೆಂದು ಕರೆಸಿದ್ದ ಬೀದಿದೀಪದ ಲಾರಿ ಅಲ್ಲೇ ನಿಂತಿತ್ತು. ಡ್ರೈವರು ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದ.

"ನೀವು ಹತ್ತೋ ಹಂಗಿಲ್ಲ ಅಜ್ಜಿ. ಬಿದ್ರೆ ನನ್ ತಲೆಗ್ ಬರ್ತದೆ."

"ಬಿದ್ರೆ ನಿನ್ನ ತಲೆ ಮ್ಯಾಲೇ ಬೀಳ್ತೀನಿ, ನಂಗೇನೂ ಆಗಕ್ಕಿಲ್ಲ. ಎತ್ತು!"

ಷಹೀನಾ ಕತ್ತರಿ ಕೈಗಿತ್ತಳು. ತೊಟ್ಟಿ ಗರಗರ ಎಂದು ಮೇಲೇರಿತು. ಮಂಡಿ ನೋವು ಎಲ್ಲಿ ಹೋಯಿತೋ! ಕೆಳಗೆ ತಗಡಿನ ಸೂರುಗಳು, ದೂರದಲ್ಲಿ ತುಮಕೂರು ರಸ್ತೆಯ ಮೇಲೆ ಮೆಟ್ರೋ. ಮೊದಲು ಹೊಟ್ಟೆಯ ಕೆಳಗಿನ ಬಳ್ಳಿ. ಗಂಟಿಗೆ ಕತ್ತರಿ ಹಾಕಿದರೆ ಕತ್ತರಿಯೇ ಕುಯ್ಯೋ ಎಂದಿತು. ಬಳ್ಳಿ ಬಿಟ್ಟು ಬಟ್ಟೆಗೇ ಹಾಕಿದೆ. ನಾನೇ ಹೊಲಿದದ್ದನ್ನು ನಾನೇ ಸೀಳುವ ಸದ್ದು ಕೇಳಿ ಒಮ್ಮೆ ಹಲ್ಲು ಚುಳ್ಳೆಂದಿತು. ಆಮೇಲೆ ಅದೇ ಒಂದು ಖುಷಿ! ಪರ್ರಂತ ಬಾಲದಿಂದ ಬೆನ್ನು, ಬೆನ್ನಿನಿಂದ ಕುತ್ತಿಗೆ. ಉಪ್ಪಿಟ್ಟಿನ ಸಾಲು ವಾಪಸ್ ಬಂತು. ಸಿಳ್ಳೆ ಬಿತ್ತು.

"ಮೂಗಿನ ಹಂತ್ಯಾಕ ಹುಷಾರ್ರಿ ಯವ್ವಾ! ಕೊಳವಿ ಐತಿ!" ಕೆಳಗಿನಿಂದ ರುದ್ರಪ್ಪನವರ ದನಿ. ಆ ಎದೆಯಲ್ಲಿ ಅಷ್ಟು ದನಿ ಇತ್ತೆಂದು ಮಗಳಿಗೂ ಗೊತ್ತಿರಲಿಲ್ಲವಂತೆ.

ಕೊನೆಯ ಗೇಣು ಸೀಳಿದೆ. ಹಳದಿ ಬಟ್ಟೆ ಎರಡೂ ಕಡೆಗೆ ಜಾರಿ ಬಿತ್ತು. ಈಗ ಹಾವಿನ ಪೊರೆಯ ಹಾಗೆಯೇ ಜಾರಿತು, ಬೇಕಿದ್ದರೆ ಗುರುಮೂರ್ತಿಯನ್ನು ಕೇಳಿ. ವಿಮಾನ ನನ್ನ ಮುಖಕ್ಕೆ ಮುಖ ಕೊಟ್ಟು ನಿಂತಿತು.

ಎಷ್ಟು ಸಣ್ಣದು! ಅಳತೆ ಗೊತ್ತಿದ್ದೂ ಮನಸ್ಸಿನಲ್ಲಿ ಎಮ್ಮೆಯ ಹಾಗೆ ಕಲ್ಪಿಸಿಕೊಂಡಿದ್ದರೆ ಇದು ಮಿಡತೆಯ ಹಾಗಿತ್ತು. ಇದರೊಳಗೆ ಒಬ್ಬ ಮನುಷ್ಯ ಕಾಲು ಮಡಿಸಿ ಕೂತು ಯುದ್ಧಕ್ಕೆ ಹೋಗುತ್ತಿದ್ದನೇ! ಕೆನ್ನೆ ಮುಟ್ಟಿದೆ. ತಣ್ಣಗಿತ್ತು. ಮೂಗಿನ ಕೊಳವೆಗೆ ಒಂದು ಟೋಪಿ, ಅದರಿಂದ ಬಣ್ಣ ಹೋದ ಪಟ್ಟಿ. ನನ್ನದೇ ಇರಬಹುದೆಂದು ಮಡಿಚಿ ಹೊಲಿಗೆ ನೋಡಿದೆ. ನನ್ನದಲ್ಲ. ಯಾರೋ ಸೋಮಾರಿ ಹೊಲಿದದ್ದು, ಅಂಚು ಸೊಟ್ಟ.

"ತೆಗೀರಿ ಅದನ್ನ! ತೆಗದು ತೋರಸ್ರಿ!" ಕೆಳಗಿನಿಂದ ಮತ್ತೆ ರುದ್ರಪ್ಪನವರು.

ಎಳೆದೆ, ಬಂತು. ಅವರ ಕಡೆ ತಿರುಗಿ ಕೈ ಚಾಚಿ ಮೇಲೆತ್ತಿ ಹಿಡಿದೆ. ಪಟ್ಟಿ ಗಾಳಿಗೆ ಪಟಪಟ ಹೊಡೆದುಕೊಂಡಿತು. ಮುದುಕರು ಕುತ್ತಿಗೆ ಓರೆ ಮಾಡಿ, ಇದ್ದ ಒಂದು ಕಣ್ಣಿನಿಂದ ಬಹಳ ಹೊತ್ತು ನೋಡಿದರು. ಮೊದಲು ಪಟ್ಟಿ, ಆಮೇಲೆ ವಿಮಾನದ ಮುಖ. ಆಮೇಲೆ ಹೆಬ್ಬೆರಳು ಎತ್ತಿದರು.

ಗುರುಮೂರ್ತಿ ಅದು ಫೋಟೋಗೆಂದು ತಿಳಿದು ತಾನೂ ಎತ್ತಿದ. ಬೋಲ್ಟಿನವನು, ರಬ್ಬರಿನವನು, ಬ್ಯಾಂಡಿನವನು, ಇಡೀ ಬೀದಿಯೇ ಹೆಬ್ಬೆರಳು ಎತ್ತಿ ನಿಂತಿತು. ನನಗೆ ಮಾತ್ರ, ಈಗ ಚಕ್ರ ಉರುಳಿತು, ಈಗ ಇದು ನನ್ನ ಕಿವಿಯ ಪಕ್ಕದಲ್ಲೇ ಹಾರಿ ಹೋಗುತ್ತದೆ ಅನ್ನಿಸಿ ತೊಟ್ಟಿಯ ಕಂಬಿ ಗಟ್ಟಿಯಾಗಿ ಹಿಡಿದುಕೊಂಡೆ.

ಕೆಳಗಿಳಿದಾಗ ಮಗಳು ಅವರನ್ನು ಆಟೋಗೆ ಕೂರಿಸುತ್ತಿದ್ದಳು. ಪಟ್ಟಿಯನ್ನು ಅವರ ಕೈಗಿಟ್ಟೆ. ಬೆರಳಿನಿಂದ ಅಂಚು ಸವರಿ, "ಯಾರ್ ಹೊಲದಾರ ಇದನ್ನ? ಸೊಟ್ಟ ಐತಿ" ಎಂದರು.

"ನಾನಲ್ಲ!" ಎಂದೆ.

"ಗೊತ್ತೈತ್ರಿ. ನಿಮ್ಮ ಹೊಲಿಗಿ ಎಂಥಾದ್ದು ಅಂತ ಊರ ಮಂದಿ ನೋಡೇತಲ್ಲ." ನಕ್ಕರು, ಪಟ್ಟಿಯನ್ನು ಸ್ವೆಟರಿನ ಒಳಗೆ ಇಟ್ಟುಕೊಂಡರು. ಆಟೋ ಹೊರಟಾಗ ತಲೆ ಹೊರಗೆ ಹಾಕಿ ಕೂಗಿದರು: "ಬರಿ ಮೂಗಲೆ ಬಿಡಬ್ಯಾಡ್ರಿ ಅದನ್ನ. ವಾಪಸ್ ಬಂದೈತಿ!"

ಮರುದಿನ ಬೆಳಿಗ್ಗೆ ಷೆಡ್ಡಿನ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ, ಉಳಿದಿದ್ದ ಕೆಂಪು ಬಟ್ಟೆಯಲ್ಲಿ ಒಂದು ಟೋಪಿ ಹೊಲಿದೆ, ಅಂಚು ನೆಟ್ಟಗೆ. ಲಾರಿಯ ಡ್ರೈವರನ್ನು ಟೀ ಅಂಗಡಿಯಿಂದ ಎಬ್ಬಿಸಿಕೊಂಡು ಬಂದು, ಮೇಲೇರಿ, ವಿಮಾನದ ಮೂಗಿಗೆ ತೊಡಿಸಿ ಪಟ್ಟಿ ಇಳಿಬಿಟ್ಟೆ. ಈ ಸಲ ಅಜ್ಜಿಯ ಗಂಟು ಹಾಕಲಿಲ್ಲ. ಯಾರು ಎಳೆದರೂ ಬಿಚ್ಚಿಕೊಳ್ಳುವ ಜಾರುಗಂಟು ಹಾಕಿದೆ.